ಬಾವಿಯ ತಳದ ಫೋಟೋಕ್ಕೆ ಎಂಟೂವರೆ ಸಾವಿರ

ಎಂಟು ಸಾವಿರದ ಐನೂರ ಐವತ್ತು ರೂಪಾಯಿ. ನೀರೊಳಗೆ ಫೋಟೋ ತೆಗೆಯುವ ನನ್ನ ಸಮಸ್ತ ಸರಂಜಾಮಿಗೆ ಬಿದ್ದ ಖರ್ಚು ಇಷ್ಟೇ. ಅದರಲ್ಲೂ ಸುಮಾರು ಅರ್ಧದಷ್ಟು, ಒಂದು ಚಿಟಿಕೆ ಕುಂಕುಮದ ಪಾಲಾಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಬೆಲೆಯನ್ನು ಮೊದಲೇ ಯಾಕೆ ಹೇಳಿದೆನೆಂದರೆ, ರಾಯದುರ್ಗದಲ್ಲಿ ನನ್ನನ್ನು ಕಂಡವರೆಲ್ಲ ಮೊದಲು ಕೇಳುವುದು ಅದನ್ನೇ, ಕೇಳಿ ನಗುವುದೂ ಅದಕ್ಕೇ. ಜೀನ್ಸ್ ಹೊಲಿಸುವ ಹೆಂಗಸು, ವಯಸ್ಸು ಐವತ್ತೆರಡು, ನಲ್ಲಿಗೆ ನೀರು ಬರುವುದೇ ದಿನ ಬಿಟ್ಟು ದಿನ. ಇವಳಿಗೆ ನೀರೊಳಗಿನ ಕ್ಯಾಮೆರಾ ಬೇರೆ! ನಗಲಿ. ನಗುವವರ ಹತ್ತಿರವೇ ಚೌಕಾಸಿ ಮಾಡಿ ನಾನು ಎರಡು ಹೊಲಿಗೆ ಯಂತ್ರದಿಂದ ಹದಿನೆಂಟಕ್ಕೆ ಬಂದವಳು.

ನನಗೆ ಸಮುದ್ರದ ಹುಚ್ಚಿಲ್ಲ. ಇದ್ದದ್ದು ಒಂದು ಬಾವಿಯ ತಕರಾರು. ಮಡಕಶಿರಾದ ಹತ್ತಿರ ನನ್ನ ತವರಿನ ತೋಟದಲ್ಲಿ ಮೆಟ್ಟಿಲಿರುವ ಹಳೆಯ ಬಾವಿಯೊಂದಿದೆ. ಬೆನ್ನಿಗೆ ಬೆಂಡು ಕಟ್ಟಿ ಅಪ್ಪ ನನಗೆ ಈಜು ಕಲಿಸಿದ್ದು ಅದರಲ್ಲಿಯೇ. ತಳ ಮುಟ್ಟಿದರೆ ಒಂದು ಮೂಲೆಯಲ್ಲಿ ಮರಳು ಅಲುಗಾಡುತ್ತಾ ಪಾದಕ್ಕೆ ತಣ್ಣಗೆ ಕಚಗುಳಿಯಿಡುತ್ತಿತ್ತು. ಅದು ಸೆಲೆ ಎಂದು ಅಪ್ಪ ಹೇಳಿದ್ದರು. ಈಗ ತೋಟ ನೋಡಿಕೊಳ್ಳುವ ನನ್ನ ತಮ್ಮ ತಿಪ್ಪೇಸ್ವಾಮಿಗೆ ಬಾವಿ ಮುಚ್ಚಿಸಿ ಅಲ್ಲಿ ರೇಷ್ಮೆ ಹುಳುವಿನ ಮನೆ ಕಟ್ಟಿಸುವ ಯೋಚನೆ. ಹೋದ ವರ್ಷ ದಸರಾಕ್ಕೆ ಮೊದಲು ಹೋದಾಗ ಗೂಟ ನೆಟ್ಟು ದಾರ ಕಟ್ಟಿದ್ದ.

"ಸೆಲೆ ಯಾವತ್ತೋ ಸತ್ತೋಯ್ತು ಕಣಕ್ಕ. ಈಗಿರಾದು ಬರೀ ಮಳೆನೀರು, ನಿಂತು ನಾರ್ತೈತೆ."

"ಸತ್ತಿದ್ನ ನೀನು ಕಂಡಿದ್ದೀಯಾ?"

"ತಳಾವ ಯಾರಕ್ಕ ಕಂಡವ್ರೆ?"

"ನಾನು ಕಾಣ್ತೀನಿ."

"ಕಾಣು ಮತ್ತೆ! ಸೆಲೆ ತೋರ್ಸು, ಬಾವಿ ಉಳಿಸ್ತೀನಿ. ಇಲ್ದಿದ್ರೆ ಯುಗಾದಿ ಆಗ್ತಿದ್ದಂಗೆ ಮಣ್ಣು ಹೊಡುಸ್ತೀನಿ, ಆಮ್ಯಾಕೆ ಅಳ್ಬಾರ್ದು."

ಅಳುವವಳು ನಾನಲ್ಲ. ಮಾರನೆಯ ದಿನವೇ ಬಳ್ಳಾರಿಗೆ ಬಸ್ಸು ಹತ್ತಿದೆ.

ಕ್ಯಾಮೆರಾ ಅಂಗಡಿಯವನು ನನ್ನ ಸೀರೆ ನೋಡಿ ಮೊದಲು ಮದುವೆ ಆಲ್ಬಮ್ ತೋರಿಸಿದ. ವಿಷಯ ಹೇಳಿದ ಮೇಲೆ ಗಾಜಿನ ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ್ದೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದ. "ಅಮ್ಮಾರ, ಇದು ಎಪ್ಪತ್ತು ಸಾವಿರ್ರಿ. ಸಮುದ್ರದಾಗ ನೂರಡಿ ಕೆಳಗ ಹೋದ್ರೂ ಏನೂ ಆಗಂಗಿಲ್ರಿ."

"ನಮ್ಮ ಬಾವ್ಯಾಗ ನೀರು ಹದಿನಾರಡಿ ಐತ್ರಿ. ಉಳಿದ ಎಂಬತ್ನಾಕು ಅಡಿ ರೊಕ್ಕ ಮುರಕೊಂಡು ರೇಟು ಹೇಳ್ರಿ," ಎಂದೆ.

ಅವನು ನಕ್ಕ. ನಕ್ಕ ವ್ಯಾಪಾರಿ ಕೆಳಗಿನ ಗೂಡಿಗೆ ಕೈ ಹಾಕುತ್ತಾನೆ. ಬಟ್ಟೆ ವ್ಯಾಪಾರದಲ್ಲೂ ಹಾಗೆಯೇ. ಅಲ್ಲಿಂದ ಬಂತು ಬೆಂಕಿಪೊಟ್ಟಣದಷ್ಟಿದ್ದ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಅದನ್ನು ಕೂರಿಸಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯ ಬಾಯಿಗೆ ನೀರು ತಡೆಯುವ ರಬ್ಬರ್ ಬಳೆ. ನಾಲ್ಕು ಸಾವಿರದ ಏಳುನೂರಕ್ಕೆ ಇಳಿಸಿದೆ. ಈಜುವಾಗ ಹಾಕುವ ಕನ್ನಡಕ ಮುನ್ನೂರ ಐವತ್ತು. ಬಸ್ಸಿನಲ್ಲಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು, ಅಂಗಡಿಯವನನ್ನು ಮುಳುಗಿಸಿದೆ ಎಂದು ಬೀಗುತ್ತಾ ಬಂದೆ. ಮುಳುಗುವ ಸರದಿ ಯಾರದೆಂದು ಆಗ ತಿಳಿದಿರಲಿಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕತ್ತರಿ, ಇಸ್ತ್ರಿಪೆಟ್ಟಿಗೆ, ಹದಿನೆಂಟು ಯಂತ್ರ, ಕೊನೆಗೆ ಗುಂಡಿ ಕೂರಿಸುವ ಸುತ್ತಿಗೆಗೂ ಅರಿಶಿನ ಕುಂಕುಮ. ಹೊಸ ಕ್ಯಾಮೆರಾವನ್ನು ಬಿಡಲಾದೀತೆ? ಡಬ್ಬಿ ತೆರೆದು, ಒಳಗೆ ಹೊರಗೆ ಎಂದು ನೋಡದೆ ಧಾರಾಳವಾಗಿ ಇಟ್ಟೆ, ನಿಂಬೆಹಣ್ಣನ್ನೂ ನಿವಾಳಿಸಿದೆ. ಮರುದಿನ ತವರಿಗೆ ಹೋಗಿ, ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟೆ. ಹತ್ತು ನಿಮಿಷ ಬಿಟ್ಟು ಮೇಲೆಳೆದರೆ ಡಬ್ಬಿಯ ತುಂಬ ತಿಳಿಗೆಂಪು ನೀರು, ನಡುವೆ ಮುಳುಗಿ ಕೂತ ಕ್ಯಾಮೆರಾ.

"ಅಕ್ಕಯ್ಯ, ಗಂಗಮ್ಮಂಗೆ ಎಡೆ ಇಕ್ಕಿದ್ದು ಬಲು ದುಬಾರಿ ಆಯ್ತಲ್ಲ!" ಎಂದು ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಾರಣ ಹೇಳಿದ್ದು ಕ್ಯಾಮೆರಾ ಅಂಗಡಿಯವನಲ್ಲ, ನಮ್ಮ ಬೀದಿಯಲ್ಲಿ ಪಂಕ್ಚರ್ ಹಾಕುವ ಮಾಬುಸಾಬರು. ಖಾಲಿ ಡಬ್ಬಿಯನ್ನು ತಮ್ಮ ತೊಟ್ಟಿಯಲ್ಲಿ ಅದುಮಿ ಹಿಡಿದರು. ಒಂದು ಮೂಲೆಯಿಂದ ಸಾಲಾಗಿ ಗುಳ್ಳೆ ಎದ್ದವು. ರಬ್ಬರ್ ಬಳೆ ಬಿಚ್ಚಿ ಬೆಳಕಿಗೆ ಹಿಡಿದರು. "ಇಲ್ಲಿ ನೋಡ್ರಿ ಅಕ್ಕಾರ, ಕೆಂಪಗ ಕಾಳು ಕೂತೈತಿ. ನಾವು ಟ್ಯೂಬಿಗೆ ಪ್ಯಾಚ್ ಹಚ್ಚಾಕ ಮೊದ್ಲು ಯಾಕ ಅಷ್ಟು ಉಜ್ಜಿ ಒರಸ್ತೀವ್ರಿ? ಒಂದು ಕಾಳು ಮಣ್ಣಿದ್ರೂ ಗಾಳಿ ನಿಲ್ಲಂಗಿಲ್ಲ." ಒರೆಸಿ, ಮತ್ತೆ ಅದುಮಿದರು. ಗುಳ್ಳೆ ಇಲ್ಲ. "ನಮ್ಮ ತೊಟ್ಟ್ಯಾಗ ಪಾಸಾದ್ರ ಎಲ್ಲಿ ಬೇಕಾದ್ರೂ ಬಿಡ್ರಿ. ಪೂಜಿ ಮಾತ್ರ ದೂರಿಂದ ಮಾಡ್ರಿ."

ಡಬ್ಬಿ ಉಳಿದಿತ್ತು, ಕ್ಯಾಮೆರಾ ಹೋಗಿತ್ತು. ಅದೇ ಮಾದರಿಯ ಇನ್ನೊಂದು ಕ್ಯಾಮೆರಾ, ಡಬ್ಬಿ ಒಡೆದುಹೋಗಿ ಯಾರಿಗೂ ಬೇಡವಾದದ್ದನ್ನು ಹುಡುಕುತ್ತಾ ಚಳಿಗಾಲವೆಲ್ಲ ಕಳೆದೆ. ಕೊನೆಗೆ ಮೂರೂವರೆ ಸಾವಿರಕ್ಕೆ ಸಿಕ್ಕಿತು. ಒಳಗೆ ಮಂಜು ಕಟ್ಟದಿರಲು ವಿಶೇಷ ಪಟ್ಟಿ ಮಾರುತ್ತಾರಂತೆ; ನಮ್ಮ ಜೀನ್ಸ್ ಡಬ್ಬಗಳಲ್ಲಿ ತೇವ ಹೀರಲು ಹಾಕುವ ಪುಟ್ಟ ಪೊಟ್ಟಣ ಅದೇ ಕೆಲಸ ಮಾಡುತ್ತದೆ. ದೀಪವೂ ಬೇಕೆನ್ನುತ್ತಾರೆ. ನೀರಿಗೆ ಬಣ್ಣ ಕದಿಯುವ ಚಾಳಿ. ಮೊದಲು ಕೆಂಪನ್ನೇ ನುಂಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಕೆಂಪು ಸೀರೆಯುಟ್ಟು ಆಳಕ್ಕಿಳಿದವಳು ಕಂದು ಸೀರೆಯಲ್ಲಿ ಕಾಣುತ್ತಾಳೆ. ಬಹಳ ಕಾಲ ಉಳಿಯುವುದು ನೀಲಿ. ಇಪ್ಪತ್ತು ವರ್ಷ ನೀಲಿ ಬಟ್ಟೆಯನ್ನೇ ನಂಬಿ ಅನ್ನ ತಿಂದವಳಿಗೆ ಇದನ್ನು ಓದಿ ಎಷ್ಟು ಹೆಮ್ಮೆಯಾಯಿತೆಂದರೆ, ದೀಪದ ಆಸೆಯನ್ನು ಅಲ್ಲಿಗೇ ಬಿಟ್ಟೆ. ಯುಗಾದಿಯ ನಂತರ ನಮ್ಮ ಕಡೆ ಮಧ್ಯಾಹ್ನದ ಬಿಸಿಲು ಬಾವಿಗೆ ನೆಟ್ಟಗೆ ಇಳಿಯುತ್ತದೆ. ಅದಕ್ಕೆ ಬಾಡಿಗೆಯಿಲ್ಲ.

ಯುಗಾದಿ ಕಳೆದ ನಾಲ್ಕನೆಯ ದಿನ ಹೋದೆ. ಬಾವಿಯ ಪಕ್ಕ ಒಂದು ಲೋಡು ಮಣ್ಣು ಆಗಲೇ ಬಿದ್ದಿತ್ತು. ಈ ಸಲ ಹಗ್ಗದ ತುದಿಗೆ ಕ್ಯಾಮೆರಾ ಅಲ್ಲ, ನಾನೇ. ನಮ್ಮಲ್ಲೇ ಹೊಲಿದ ದಪ್ಪ ಜೀನ್ಸ್ ಹಾಕಿದ್ದೆ. ಮುಳುಗುವವರು ಸೊಂಟಕ್ಕೆ ತೂಕದ ಪಟ್ಟಿ ಕಟ್ಟುತ್ತಾರಂತೆ. ಒದ್ದೆ ಜೀನ್ಸ್ ತೊಟ್ಟವರಿಗೆ ಅದರ ಅಗತ್ಯ ಬೀಳುವುದಿಲ್ಲ. ತಮ್ಮ ನನ್ನ ಸೊಂಟಕ್ಕೆ ಹಗ್ಗ ಬಿಗಿದ.

"ಅಕ್ಕ, ಬ್ಯಾಡ ಕಣೆ. ಬಿಪಿ ಮಾತ್ರೆ ತಗಳೋಳು ನೀನು. ಜನ ನೋಡಿದ್ರೆ ಏನಂದಾರು?"

"ಜನಕ್ಕೆ ಹಗ್ಗ ಹಿಡಿಯಾಕೆ ಬರುತ್ತಾ? ಇಲ್ವಲ್ಲ. ನೀನು ಹಿಡ್ಕೋ. ಎರಡ್ಸಲ ಜಗ್ಗಿದ್ರೆ ಎಳಿ."

ಮೊದಲನೆಯ ಮುಳುಗಿನಲ್ಲಿ ಕಾಲು ಬಡಿದು ಕೆಸರೆಬ್ಬಿಸಿದೆ, ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಉಸಿರು ಸಾಲಲಿಲ್ಲ. ಮೆಟ್ಟಿಲ ಮೇಲೆ ಕೂತು ಕೆಸರು ಇಳಿಯುವವರೆಗೆ ಕಾದೆ. ತಿಪ್ಪೇಸ್ವಾಮಿ ಮಣ್ಣಿನ ಗುಡ್ಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದ. ಮೂರನೆಯ ಸಲ ಕಾಲಾಡಿಸದೆ, ಕಲ್ಲಿನಂತೆ ಸುಮ್ಮನೆ ಇಳಿದೆ. ಅಪ್ಪ ತೋರಿಸಿದ ಮೂಲೆಗೆ ಕ್ಯಾಮೆರಾ ಚಾಚಿ, ಎದೆ ಹೊಡೆದುಕೊಳ್ಳುವವರೆಗೆ ನಿಂತು, ಎರಡು ಸಲ ಜಗ್ಗಿದೆ. ಒಂದೇ ಜಗ್ಗಿಗೆ ಎಳೆಯಲು ಶುರು ಮಾಡಿದ್ದನಂತೆ, ಪುಕ್ಕಲ.

ಬೇವಿನ ನೆರಳಿನಲ್ಲಿ, ತೆಗೆದ ವಿಡಿಯೋವನ್ನು ಮೊಬೈಲಿಗೆ ಇಳಿಸಿಕೊಂಡು ನೋಡಿದೆವು. ಹಸಿರು ಬೆಳಕು. ಅದರ ನಡುವೆ ಅಂಗೈಯಗಲದ ಜಾಗದಲ್ಲಿ ಮರಳು, ಅಂಬಲಿ ಕುದಿಯುವಂತೆ, ಎದ್ದು ಎದ್ದು ಕೂರುತ್ತಿತ್ತು. ಎರಡು ಪುಟ್ಟ ಮೀನು ಅದಕ್ಕೇ ಮುಖ ಕೊಟ್ಟು ನಿಂತಿದ್ದವು.

"ಇದು ನಮ್ ಬಾವೀನೇನಾ?" ಎಂದ ತಮ್ಮ. ಮೊಬೈಲಿನಲ್ಲಿ ಯಾರಾದರೂ ಏನನ್ನಾದರೂ ತೋರಿಸಬಹುದಲ್ಲ. ಅನುಮಾನ ನಮ್ಮ ವಂಶದ ಗುಣ.

"ಎಡಗಡೆ ನೋಡು. ಅರ್ಧ ಹೂತಿರೋ ಹಿತ್ತಾಳೆ ಚೊಂಬು ಯಾವುದು? ಅಪ್ಪನ ಚೊಂಬ ಬೀಳ್ಸಿದೋನು ನೀನು, ಬೆತ್ತದ ಏಟು ತಿಂದೋಳು ನಾನು."

ಅವನು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹೋಗಿ ಗೂಟಗಳನ್ನು ತಾನೇ ಕಿತ್ತು, ಹಿಪ್ಪುನೇರಳೆ ಸಾಲಿನ ಆಚೆ ನೆಡತೊಡಗಿದ. "ಹುಳದ ಮನೆ ಈ ಕಡೀಕೆ ಹಾಕ್ಸಾನ ಬಿಡು," ಎಂದ ನನ್ನತ್ತ ತಿರುಗದೆ. "ಆ ಚೊಂಬು ಮಾತ್ರ ತೆಗೀಬ್ಯಾಡ. ಅಲ್ಲೇ ಇರ್ಲಿ."

ಆದ್ದರಿಂದ ನೀವೂ ಮನಸ್ಸು ಮಾಡಿದ್ದರೆ ಕೇಳಿ. ನಿಮ್ಮ ನೀರು ಎಷ್ಟು ಆಳವೆಂದು ಮೊದಲು ಅಳೆಯಿರಿ, ಅಷ್ಟು ಆಳಕ್ಕೆ ಮಾತ್ರ ದುಡ್ಡು ಕೊಡಿ. ಕ್ಯಾಮೆರಾಕ್ಕಿಂತ ಡಬ್ಬಿಯನ್ನು ಹೆಚ್ಚು ನೋಡಿ. ಕೊಳ್ಳುವ ಮೊದಲೇ ಖಾಲಿ ಡಬ್ಬಿಯನ್ನು ಪಂಕ್ಚರ್ ತೊಟ್ಟಿಯಲ್ಲಿ ಅದುಮಿಸಿ. ಅಂಗಡಿಯವನು ಒಪ್ಪದಿದ್ದರೆ ಎದ್ದು ಬನ್ನಿ, ಹಿಂದಿನಿಂದ ಕರೆದೇ ಕರೆಯುತ್ತಾನೆ. ಮಧ್ಯಾಹ್ನ ಇಳಿಯಿರಿ, ತೋಳಳತೆಯಷ್ಟು ಹತ್ತಿರ ಹೋಗಿ, ಕೆಸರಿಳಿಯುವವರೆಗೆ ಕಾಯಿರಿ. ಪೂಜೆ ಖಂಡಿತ ಮಾಡಿ, ಕುಂಕುಮವನ್ನು ಹಗ್ಗಕ್ಕಿಡಿ. ಒಂಟಿಯಾಗಿ ಮಾತ್ರ ಎಂದೂ ನೀರಿಗಿಳಿಯಬೇಡಿ. ಹಗ್ಗ ಹಿಡಿಯಲು ಯಾರನ್ನು ಕರೆಯಲಿ ಎನ್ನುವಿರಾ? ಎಲ್ಲರಿಗಿಂತ ಜೋರಾಗಿ ನಕ್ಕವರು ಯಾರೆಂದು ನೋಡಿ, ಅವರ ಕೈಗೆ ಕೊಡಿ. ಅವರು ಒಂದೇ ಜಗ್ಗಿಗೆ ಎಳೆಯುತ್ತಾರೆ.