ಮೂರನೆಯ ಸಿಲಿಂಡರಿನ ಸದ್ದು

ಅವರ ಹಲ್ಲುಗಳು ಬಿಳಿಜೋಳದ ತೆನೆಯ ಕಾಳುಗಳಂತೆ ಒತ್ತೊತ್ತಾಗಿ ಹೊಳೆಯುತ್ತಿದ್ದವು. ಮುಖ, ಕತ್ತು, ಕೈಬೆರಳುಗಳೆಲ್ಲ ಎಂಜಿನ್ನಿನ ಎಣ್ಣೆಯಿಂದ ಕಪ್ಪಾಗಿರುತ್ತಿದ್ದುದರಿಂದ, ಸಂಜೆ ಅವರು ವಠಾರದಂತಿದ್ದ ನಮ್ಮ ವಾಡೆಯ ದೊಡ್ಡ ಬಾಗಿಲು ದಾಟಿ ಬರುವಾಗ ಮೊದಲು ಹಲ್ಲು ಕಾಣುತ್ತಿತ್ತು, ಆಮೇಲೆ ಮನುಷ್ಯ. ಮೋಟಾರು ರಿಪೇರಿಯ ಮಿಸ್ತ್ರಿಯಾಗಿದ್ದು, ಅರವತ್ತರ ಸಮೀಪಕ್ಕೆ ಬಂದಿದ್ದ ಅವರು ಬೆಳಿಗ್ಗೆಯೂ ಸಂಜೆಯೂ ಜಾಲಿಯ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು. ತಂಬಾಕು ಬಿಟ್ಟಿದ್ದರು. ಕಬ್ಬು ಕಚ್ಚುತ್ತಿರಲಿಲ್ಲ, ಹುರಿಗಡಲೆಯನ್ನು ಸಹ ಕುಟ್ಟಿ ಪುಡಿ ಮಾಡಿಕೊಂಡು ತಿನ್ನುತ್ತಿದ್ದರು. ನಳದ ಬಳಿ ನೀರಿಗೆ ನಿಂತ ಹೆಂಗಸರು, ಮಿಸ್ತ್ರಿ ಈ ವಯಸ್ಸಿನಲ್ಲಿ ಹೆಣ್ಣು ನೋಡಲು ಹೊರಟಿರಬೇಕು ಎಂದು ಮರಾಠಿಯಲ್ಲಿ ಹಾಸ್ಯ ಮಾಡಿ ನಗುತ್ತಿದ್ದರು. ಅದು ಅವರಿಗೆ ಕೇಳುತ್ತಿರಲಿಲ್ಲ. ಎಳೆತನದಿಂದ ಸೋರುತ್ತಿದ್ದ ಅವರ ಎರಡೂ ಕಿವಿಗಳು ನಡುವಯಸ್ಸಿನಲ್ಲಿ ಪೂರ್ತಿ ಮುಚ್ಚಿಹೋಗಿದ್ದವು.

ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನನಾಗಿ ಸೇರಿ, ಶುಕ್ರವಾರ ಪೇಠೆಯ ಹಳೆಯ ವಾಡೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಕಚೇರಿಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಎರಡರಲ್ಲಿಯೂ ತಪ್ಪಾದೀತೆಂಬ ಅಂಜಿಕೆ ನನಗೆ. ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ಸರಿಪಡಿಸಿ ಬಾಯಿ ತೆರೆಯುವಷ್ಟರಲ್ಲಿ ಉಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಹೀಗೆ ದಿನವಿಡೀ ಮಾತಿಲ್ಲದೆ ಕೋಣೆಗೆ ಹಿಂದಿರುಗುವುದು ರೂಢಿಯಾಗಿತ್ತು.

ನಾನು ಬಂದ ಹೊಸತರಲ್ಲಿ ಪಕ್ಕದ ಕೋಣೆಯ ಈ ಮಿಸ್ತ್ರಿ ತಾವಾಗಿಯೇ ಬಂದು ಹೊಸ್ತಿಲ ಮೇಲೆ ಕುಳಿತರು. ಅವರ ದನಿ ಬಹಳ ಮೆತ್ತಗೆ, ಬಗ್ಗಿ ಕೇಳಬೇಕಾಗಿತ್ತು.

"ನೀ ನಮ್ಮ ಕಡೀಯಾಂವಂತಲ್ಲಾ? ಮಾತಾಡು. ನನಗ ಕೇಳಂಗಿಲ್ಲ. ಆದರೂ ಮಾತಾಡು, ತುಟಿ ನೋಡತೇನಿ."

ಹುಬ್ಬಳ್ಳಿಯ ಕಡೆಯಿಂದ ಹರೆಯದಲ್ಲಿಯೇ ಪುಣೆಗೆ ಬಂದವರು. ಮಕ್ಕಳಿರಲಿಲ್ಲ. ನಾನು ಆ ವಾಡೆಗೆ ಬರುವ ಕೆಲವು ವರ್ಷ ಮೊದಲು ಹೆಂಡತಿ ತೀರಿಕೊಂಡಿದ್ದರು. ಆ ಮೊದಲ ಭೇಟಿಯಿಂದಲೇ ನಾನು ಅವರನ್ನು ಕಾಕಾ ಎಂದು ಕರೆದೆ. ಅವರ ಮುಂದೆ ಮಾತ್ರ ನಾನು ನಿರಾಳವಾಗಿ ಮಾತನಾಡುತ್ತಿದ್ದೆ. ಮೇಲಿನ ಸಾಹೇಬನ ಗದರಿಕೆ, ಊರಿನ ನೆನಪು, ಊಟದ ಬೇಸರ, ಎಲ್ಲವೂ ಬರುತ್ತಿದ್ದವು. ಅರ್ಧ ತಿಳಿದು ಅರ್ಧ ತಿಳಿಯದೆ ಅವರು ತಲೆಯಾಡಿಸುತ್ತಿದ್ದರು.

ಹಲ್ಲಿನ ಮರ್ಮ ನನಗೆ ತಿಳಿದದ್ದು ದಂಡು ಪ್ರದೇಶವಾದ ಕ್ಯಾಂಪಿನ ಹತ್ತಿರ ಅವರು ಕೆಲಸ ಮಾಡುತ್ತಿದ್ದ ಗ್ಯಾರೇಜಿಗೆ ಹೋದಾಗ. ಮೊಳದುದ್ದದ ಒಂದು ಉಕ್ಕಿನ ಸಲಾಕೆಯ ತುದಿಯನ್ನು ನಡೆಯುತ್ತಿರುವ ಎಂಜಿನ್ನಿಗೆ ಒತ್ತಿ, ಮತ್ತೊಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಿವಿ ಒಯ್ಯಲಾರದ ಸದ್ದನ್ನು ಹಲ್ಲು, ದವಡೆಯ ಎಲುಬು ಒಳಗೆ ಒಯ್ಯುತ್ತಿದ್ದವು. ಹಾಗೆ ನಿಂತಾಗ ಅವರ ಮುಖ ಸಂಗೀತ ಕೇಳುವವರ ಮುಖದಂತಿರುತ್ತಿತ್ತು.

ಒಂದು ರವಿವಾರ ವಾಡೆಯ ಕಟ್ಟೆಯ ಮೇಲೆ ಸಲಾಕೆಯನ್ನು ಒರೆಸುತ್ತಿದ್ದವರು ತಟ್ಟನೆ ನಿಲ್ಲಿಸಿ ನನ್ನನ್ನು ನೋಡಿದರು. ಒಂದು ತುದಿಯನ್ನು ತಾವು ಕಚ್ಚಿ, ಇನ್ನೊಂದನ್ನು ನನ್ನ ಗಂಟಲಿಗೆ ಹಚ್ಚಿ, ಮಾತಾಡು ಎಂದು ಕೈ ಮಾಡಿದರು. ನಾನು, "ಊಟ ಆತೇನ್ರೀ ಕಾಕಾ?" ಎಂದೆ.

ಅವರು ಕದಲಲಿಲ್ಲ. ಸಲಾಕೆ ಕಚ್ಚಿಕೊಂಡೇ, "ಇನ್ನೊಮ್ಮೆ ಕೇಳ್, ತಮ್ಮಾ" ಎಂದರು.

ಕೇಳಿದೆ. "ಆತು" ಎಂದರು. ನಂತರ ಸಲಾಕೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಆಕಿ ಇದ್ದಾಗ ಇದು ಹೊಳೀಲೇ ಇಲ್ಲ ನೋಡು," ಎಂದರು. "ಒದರಿ ಒದರಿ ಗಂಟಲಾ ಹರಕೊಂಡ್ಲು, ಪಾಪ."

ಅಂದಿನಿಂದ ಅದೇ ನಮ್ಮ ವಾರದ ಪದ್ಧತಿಯಾಯಿತು. ಅವರಿಗೆ ಒಂದೊಂದು ಅಕ್ಷರವೂ ಕೇಳುತ್ತದೆ ಎಂದು ತಿಳಿದ ಮೇಲೆ ಮತ್ತೆ ನಾನು ತಿದ್ದಿ ತಿದ್ದಿ ಮಾತನಾಡತೊಡಗಿದೆ. ಅದನ್ನು ಅವರು ಕೂಡಲೇ ಹಿಡಿದರು. "ಯಾಕ, ಸಾಹೇಬಗ ಅರ್ಜಿ ಬರ್ಯಾಕತ್ತೀಯೇನು? ಮೊದಲಿನಂಗ ಬಡಬಡಾ ಮಾತಾಡು."

ಆ ದಿನಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಾಡಿಗೆ ಕಾರುಗಳ ಹಿಂಬದಿಗೆ ಇದ್ದಿಲು ಉರಿಸುವ ಡಬ್ಬಿಗಳು ಬಂದಿದ್ದವು. ಅದರ ಹೊಗೆಯಿಂದಲೇ ಎಂಜಿನ್ ನಡೆಯುತ್ತಿತ್ತು, ಆದರೆ ಆ ಹೊಗೆಗೆ ಪೆಟ್ರೋಲಿನ ಕಸುವಿಲ್ಲ. ಆದುದರಿಂದ ಎಂಜಿನ್ನಿನ ಮೇಲ್ಮುಚ್ಚಳವನ್ನು ಹೆರೆದು ತೆಳ್ಳಗೆ ಮಾಡಿ ಒಳಗಿನ ಒತ್ತಡ ಹೆಚ್ಚಿಸುತ್ತಿದ್ದರು. ಒಂದೆಡೆ ಹೆಚ್ಚಿದ ಒತ್ತಡ, ಮತ್ತೊಂದೆಡೆ ಹೊಗೆಯ ಜೊತೆ ಸೇರಿ ಬರುವ ಬೂದಿ. ಇವೆರಡರ ನಡುವೆ ಸಿಲಿಂಡರಿನ ಗೋಡೆಗಳು ಸವೆದು ಸೀಳುಬಿಡುತ್ತಿದ್ದವು. ಹೊಸ ಎಂಜಿನ್ನುಗಳು ಹಡಗಿನಲ್ಲಿ ಬರುವುದು ನಿಂತಿತ್ತು. ಸವೆದ ಗೋಡೆಯನ್ನು ಕೊರೆದು ಅಗಲ ಮಾಡಿ, ಒಳಗೆ ಬೀಡುಕಬ್ಬಿಣದ ಕೊಳವೆಯನ್ನು ಕೂರಿಸಿ ಬಲಪಡಿಸುವುದು ಕಾಕಾ ಅವರ ಕೆಲಸ. ಗ್ಯಾರೇಜಿನವರು ಅದಕ್ಕೆ ಲೈನರ್ ಎನ್ನುತ್ತಿದ್ದರು. ಕಾಕಾ "ಒಳಂಗಿ" ಎನ್ನುತ್ತಿದ್ದರು.

ಗ್ಯಾರೇಜಿನ ಶೇಠ ಒಳ್ಳೆಯ ಮನುಷ್ಯ. ಆದರೆ ಅವನ ಮೀಸೆ ತುಟಿಗಳನ್ನು ಪೂರ್ತಿ ಮುಚ್ಚುವಷ್ಟು ದಟ್ಟವಾಗಿತ್ತು. "ಅಂವಾ ಬೈತಾನೋ ಹೊಗಳತಾನೋ ಕೂದಲಾಗ ಏನೂ ಕಾಣಂಗಿಲ್ಲ" ಎನ್ನುತ್ತಿದ್ದ ಕಾಕಾ, ಕಚೇರಿಗೆ ಅರ್ಧ ದಿನವಿದ್ದ ಶನಿವಾರಗಳಂದು ನನ್ನನ್ನು ಕರೆದೊಯ್ಯುತ್ತಿದ್ದರು. ಶೇಠನ ಮಾತನ್ನು ನಾನು ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಕನ್ನಡದಲ್ಲಿ ಬರೆಯಬೇಕು. ಕಿವುಡನನ್ನು ಏಕೆ ಇಟ್ಟುಕೊಂಡಿದ್ದೀಯೆಂದು ಕಾರಿನ ಮಾಲಕರು ಕೇಳಿದರೆ, ಅವನ ಹಲ್ಲಿಗೆ ಪಗಾರ ಕೊಡುತ್ತೇನೆ ಎಂದು ಶೇಠ ನಗುತ್ತಿದ್ದ. ಅದು ಬರಿಯ ನಗೆಯ ಮಾತಲ್ಲವೆಂದು ಕಾಕಾ ಬಲ್ಲರು. ಹಲ್ಲು ಹೋದರೆ ಕೆಲಸ ಹೋಗುತ್ತದೆ. ಹುಬ್ಬಳ್ಳಿಯ ತಮ್ಮನ ಮನೆಯಲ್ಲಿ, ಏನೂ ಕೇಳದೆ, ಪಡಸಾಲೆಯ ಮೂಲೆಗೆ ಕೂಡಬೇಕಾಗುತ್ತದೆ.

ಅಂಥ ಒಂದು ಶನಿವಾರ, ಎಲ್ಲರೂ ಕೈಬಿಟ್ಟಿದ್ದ ನಾಲ್ಕು ಸಿಲಿಂಡರಿನ ಬಾಡಿಗೆ ಕಾರೊಂದಕ್ಕೆ ಒಳಂಗಿ ತೊಡಿಸಿದರು. ಎಂಜಿನ್ನನ್ನು ಕೆಂಡದ ಮೇಲೆ ಕಾಯಿಸಿದ್ದರು. ಕೊಳವೆಗಳನ್ನು ಮರದ ಹೊಟ್ಟಿನಲ್ಲಿ ಸುತ್ತಿ ತಂದ ಮಂಜುಗಡ್ಡೆಯಲ್ಲಿ ಹುಗಿದಿದ್ದರು. ಕಾದದ್ದು ಹಿಗ್ಗಿರುವಾಗ, ತಣಿದದ್ದು ಕುಗ್ಗಿರುವಾಗ, ತಡೆಯದೆ ಒಂದೇ ಸಲಕ್ಕೆ ಇಳಿಸಬೇಕು. ನಡುವೆ ನಿಂತರೆ ಕೊಳವೆಯೂ ಹೋಯಿತು, ಎಂಜಿನ್ನೂ ಹೋಯಿತು. ಕೊಳವೆಗಳು ಒಂದಾದ ಮೇಲೊಂದು ತಳ ಮುಟ್ಟಿದವು.

ಎಲ್ಲವನ್ನೂ ಜೋಡಿಸಿ ಎಂಜಿನ್ ನಡೆಸಿದ್ದು ಮರುದಿನ. ಕಾಕಾ ಸಲಾಕೆ ಕಚ್ಚಿ ಒಂದೊಂದನ್ನೇ ಕೇಳಿದರು. ಮೂರನೆಯದರ ಹತ್ತಿರ ಕಣ್ಣು ತೆರೆದರು.

"ಮೂರನೇದು ಸಡ್ಲ ಅದ. ಟಿಕ್ ಟಿಕ್ ಅಂತದ."

ಶೇಠ ಬಗ್ಗಿ ಕೇಳಿದ. ಹುಡುಗರು ಕೇಳಿದರು. ಯಾರಿಗೂ ಏನೂ ಕೇಳಲಿಲ್ಲ. "ಗಾಡಿ ಉದ್ಯಾ ದ್ಯಾಯಚೀ ಆಹೆ!" ಎಂದು ಶೇಠ ಕೂಗಾಡಿದ. "ಗಾಡಿ ನಾಳೆ ಕೊಡಬೇಕಂತ" ಎಂದು ನಾನು ನೆಲದ ಮೇಲೆ ಬರೆದೆ.

"ಕಾತ್ರಜ ಘಾಟಿನಾಗ ಒಳಂಗಿ ಕಳಚಿದ್ರ ಈ ಮೀಸಿ ಹಿಡದು ಜಗ್ಗತಾನೇನು ಗಾಡೀನ? ಕೇಳವಗ," ಎಂದರು ಕಾಕಾ. ನಾನು ಮೀಸೆಯನ್ನು ಬಿಟ್ಟು ಉಳಿದುದನ್ನು ಮರಾಠಿಯಲ್ಲಿ ಹೇಳಿದೆ.

ಮತ್ತೆ ಎಲ್ಲವನ್ನೂ ಬಿಚ್ಚಿದರು. ಮೂರನೆಯ ಕೊಳವೆ ಕಲ್ಲಿನಲ್ಲಿ ಕೆತ್ತಿದಂತೆ ಕುಳಿತಿತ್ತು. ಕಾಕಾ ಅದರ ಅಂಚಿನುದ್ದಕ್ಕೂ ಉಗುರಾಡಿಸಿದರು, ಮರದ ಸುತ್ತಿಗೆಯಿಂದ ತಟ್ಟಿದರು. ಏನೂ ಇಲ್ಲ. ಮತ್ತೆ ಜೋಡಿಸಿ, ನಡೆಸಿ, ಸಲಾಕೆ ಹಚ್ಚಿದರು. ಮೂರನೆಯದಕ್ಕೆ, ಎರಡನೆಯದಕ್ಕೆ, ಒಂದನೆಯದಕ್ಕೆ. ಕೊನೆಗೆ ಎಂಜಿನ್ ನಿಲ್ಲಿಸುವಂತೆ ಕೈ ಮಾಡಿದರು. ಅದು ನಿಂತ ಮೇಲೆಯೂ ಸಲಾಕೆಯನ್ನು ಬಾಯಿಂದ ತೆಗೆಯಲಿಲ್ಲ. ಬೆರಳಿನಿಂದ ಅದನ್ನು ಸ್ವಲ್ಪ ಅಲುಗಿಸಿ ನೋಡಿದರು. ಆಮೇಲೆ ಸಲಾಕೆ ಕೆಳಗಿಟ್ಟು, ಹೆಬ್ಬೆರಳು ತೋರುಬೆರಳುಗಳಲ್ಲಿ ತಮ್ಮ ಮೇಲಿನ ಹಲ್ಲೊಂದನ್ನು ಹಿಡಿದರು. ಅದು ಅಲುಗಿತು.

ಶೇಠನಿಗೆ ಅವರು ಹೇಳಿದ್ದು ಇಷ್ಟೇ: ಗಾಡಿ ಸರಿಯಾಗಿದೆ, ಕೊಡಿರಿ.

ಮನೆಗೆ ನಡೆದು ಬರುವಾಗ ಪೇಠೆಯ ಗದ್ದಲದ ನಡುವೆ ಅವರ ಮೆತ್ತನೆಯ ದನಿಯನ್ನು ಹಿಡಿಯಲು ನಾನು ತೀರ ಹತ್ತಿರ ಸರಿಯಬೇಕಾಯಿತು. "ಸಡ್ಲ ಇದ್ದದ್ದು ಖರೇನ, ತಮ್ಮಾ. ನಾ ಜಾಗಾ ತಪ್ಪಿ ಹುಡುಕಿದೆ."

ಅವರು ಜಾಲಿಯ ತೊಗಟೆಯ ಕಷಾಯ ಮುಕ್ಕಳಿಸಿದರು, ಲವಂಗದ ಎಣ್ಣೆ ಹಚ್ಚಿದರು. ಹಲ್ಲುಗಳು ನಿಲ್ಲಲಿಲ್ಲ. ಸಲಾಕೆಯನ್ನು ಹಣೆಗೆ, ಕಿವಿಯ ಹಿಂದಿನ ಎಲುಬಿಗೆ ಒತ್ತಿ ನೋಡಿದರು. "ದೂರ ಮಳೀ ಬಂದಂಗ ಕೇಳತದ. ಮಾತು ತಿಳಿಯಂಗಿಲ್ಲ," ಎಂದರು. ಒಳಂಗಿ ತೊಡಿಸುವ ಕೈ ಇನ್ನೂ ಕೆಟ್ಟಿಲ್ಲ, ಬರುತ್ತಿರಿ ಎಂದು ಶೇಠ ನನ್ನ ಕೈಯಿಂದ ಬರೆಯಿಸಿದ. ಕೆಲವು ದಿನ ಹೋದರು, ನಂತರ ತಾವೇ ಬಿಟ್ಟರು. "ಒಳಂಗಿ ತೊಡಿಸಿ ಸದ್ದು ಕೇಳದಂಗ ಇರೂದಂದ್ರ ಮಗಳನ್ನ ಕೊಟ್ಟು ಸುದ್ದಿ ತಿಳೀದಂಗ ಕೂತಂಗ. ನನ್ನಿಂದಾಗಂಗಿಲ್ಲ." ಹುಬ್ಬಳ್ಳಿಗೂ ಹೋಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ನನ್ನ ತುಟಿಗಳನ್ನು ನೋಡುತ್ತ ತಲೆಯಾಡಿಸುವ ಹಳೆಯ ದಿನಗಳಿಗೆ ನಾವಿಬ್ಬರೂ ಹಿಂದಿರುಗಿದೆವು. ಅವರ ಕಣ್ಣಿಗೂ ಪೊರೆ ಬಂದಿತ್ತು. ತುಟಿಗಳೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ನನಗೆ ಅನಿಸುತ್ತಿತ್ತು.

ಯುದ್ಧ ಮುಗಿದು ಇದ್ದಿಲ ಡಬ್ಬಿಗಳು ಗುಜರಿಗೆ ಬಿದ್ದ ವರ್ಷ ಅವರಿಗೆ ಜ್ವರ ಬಂದಿತು. ಅವರು ತೀರಿಕೊಂಡ ದಿನ ಮಧ್ಯಾಹ್ನ ನಾನು ರಜೆ ಹಾಕಿ ಬಳಿಯಲ್ಲಿದ್ದೆ. ಕೈಯಿಂದ ಗೋಡೆಯ ಕಡೆ ತೋರಿಸಿದರು. ಮೂಲೆಯಲ್ಲಿ ಸಲಾಕೆ ಒರಗಿತ್ತು. ತಂದುಕೊಟ್ಟೆ. ಒಂದು ತುದಿಯನ್ನು ಬರಿಯ ವಸಡಿನಲ್ಲಿ ಒತ್ತಿಕೊಂಡು, ಎರಡೂ ಕೈಗಳಿಂದ ಹಿಡಿದರು. ಇನ್ನೊಂದನ್ನು ನಾನು ಗಂಟಲಿಗೆ ಹಚ್ಚಿಕೊಂಡೆ.

"ಊಟ ಆತೇನ್ರೀ ಕಾಕಾ?"

ಅವರು ಕಣ್ಣು ಮುಚ್ಚಿಯೇ ಇದ್ದರು. "ಇನ್ನೊಮ್ಮೆ ಕೇಳ್, ತಮ್ಮಾ."

ನಳದ ಬಳಿಯ ಹೆಂಗಸರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಯಾವುದನ್ನೂ ತಿದ್ದದೆ, ನಾನು ಒದರಿದೆ. ಅವರಿಗೆ ಅದು ಕೇಳಿತೋ, ನನ್ನ ಗಂಟಲಿನ ನಡುಕ ಉಕ್ಕಿನ ಮೂಲಕ ಅವರ ಅಂಗೈಗೆ ತಿಳಿಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ಮೂರು ದಿನದಿಂದ ಗಂಜಿಯನ್ನೂ ಮುಟ್ಟದಿದ್ದ ಅವರು ನಿಧಾನವಾಗಿ ತಲೆಯಾಡಿಸಿದರು.

"ಆತು," ಎಂದರು.