ಮಳೆ ನಿಂತ ಮೇಲೆ ಹೊರಡುವ ದಂಡು

ಹೋದ ಕಾರ್ತಿಕದಲ್ಲಿ ಸಂಬಂಧಿಕರ ಮನೆಗೆಂದು ಹರಿಹರಕ್ಕೆ ಹೋದವನು ಹೊಳೆಯ ಕಡೆ ನಡೆದೆ. ನೀರು ಇಳಿದಿತ್ತು. ದಡದ ಕೆಸರು ಬಿಸಿಲಿಗೆ ಒಣಗಿ ಬಿರಿಯುತ್ತಿತ್ತು. ಆ ವಾಸನೆ... ಅರ್ಧ ಪಾಚಿ, ಅರ್ಧ ಹಸಿಮಣ್ಣು. ಮೂಗಿಗೆ ಬಡಿದದ್ದೇ ತಡ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಲೆ ಸುತ್ತಿತೇನೋ ಎಂದು ಜೊತೆಗೆ ಬಂದಿದ್ದ ಮೊಮ್ಮಗಳು ಗಾಬರಿಯಾದಳು. ನನಗೆ ನೆನಪಾದದ್ದು ನಮ್ಮ ಚರಿತ್ರೆ ಮೇಷ್ಟ್ರು.

ಐವತ್ತರ ದಶಕದ ಕೊನೆಗೆ ನಾನು ಹರಿಹರದ ಒಂದು ಹೈಸ್ಕೂಲಿಗೆ ಭೂಗೋಳದ ಮೇಷ್ಟ್ರಾಗಿ ಸೇರಿದ್ದೆ. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ; ದಿನಾ ರೈಲಿನಲ್ಲಿ ಓಡಾಟ. ಚರಿತ್ರೆ ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ದಸರಾ ರಜೆ ಮುಗಿಯುತ್ತಲೇ ಮಕ್ಕಳನ್ನು ಇದೇ ಮೆಟ್ಟಿಲಿಗೆ ಕರೆತಂದು ಕೂರಿಸುತ್ತಿದ್ದರು. "ಶ್ರಾವಣದಾಗ ಈ ಹೊಳಿ ಹೆಂಗಿತ್ತು ನೋಡಿದ್ರಲ್ಲ? ಆಗ ಯಾವ ಸುಲ್ತಾನನೂ ದಾಟಲಿಲ್ಲ, ಯಾವ ರಾಯನೂ ದಾಟಲಿಲ್ಲ. ಮಳಿ ನಿಲ್ಲಬೇಕು, ನೀರು ಇಳೀಬೇಕು, ಹೊಲದಾಗ ಜೋಳ ನಿಂತಿರಬೇಕು. ಆಮ್ಯಾಲೆ ದಂಡು ಹೊರಡ್ತೈತೆ." ವಿಜಯದಶಮಿಯ ದಿನ ಸೀಮೆ ದಾಟುವ ಶಾಸ್ತ್ರ ಹುಟ್ಟಿದ್ದೂ ಹೀಗೇ ಎನ್ನುತ್ತಿದ್ದರು. ದೂರದ ಬಯಲುಗಳಲ್ಲಿ ಮಳೆ ಕೈಕೊಟ್ಟು ಹುಲ್ಲು ಒಣಗಿದ್ದರಿಂದಲೇ ಕುದುರೆ ಸವಾರರು ಹಸಿರು ನಾಡುಗಳ ಮೇಲೆ ಬಿದ್ದರು, ರಾಜರ ಆಸೆ ಆಮೇಲಿನದು ಎಂಬುದು ಅವರ ವಾದ.

ಸ್ಟಾಫ್ ರೂಮಿನಲ್ಲಿ ನಾನು ಅವರನ್ನು ಬಿಡುತ್ತಿರಲಿಲ್ಲ. "ಮಳೆ, ಹುಲ್ಲು ಎಲ್ಲಾ ನನ್ನ ಪಾಠ ಅಲ್ರೀ ಸರ್? ನೀವು ರಾಜರನ್ನ ನೋಡ್ಕಳ್ರಿ" ಎಂದರೆ ನಗುತ್ತಿದ್ದರು. ಅವರು ತುಂಬಿದ ಕೊಡ, ತುಳುಕುತ್ತಿರಲಿಲ್ಲ. ನಾನು ಮಾತ್ರ ಹೆಜ್ಜೆಹೆಜ್ಜೆಗೂ ತುಳುಕುತ್ತಿದ್ದೆ.

ಅವರಿಗೆ ಒಬ್ಬನೇ ಮಗ, ಮಿಲಿಟರಿಯಲ್ಲಿದ್ದ. ಅರವತ್ತೆರಡರ ಗಣೇಶನ ಹಬ್ಬಕ್ಕೆ ರಜೆಯ ಮೇಲೆ ಬಂದಾಗ ಮಲೆಬೆನ್ನೂರಿನ ಹುಡುಗಿಯ ಜೊತೆ ನಿಶ್ಚಯವಾಯಿತು. ದಸರಾ ಕಳೆಯುತ್ತಲೇ ಮದುವೆ ಮಾಡೋಣ ಎಂದು ಹೆಣ್ಣಿನವರು ಪಟ್ಟು ಹಿಡಿದರು. ಹಾಗೆ ಮಾಡುವುದಾದರೆ ಹುಡುಗ ರಜೆ ಮುಂದುವರಿಸಿಕೊಡಿ ಎಂದು ಬರೆಯಬೇಕಿತ್ತು. ಸಿಗುವ ಸಂಭವವೂ ಇತ್ತು. ಅವನಿಗೆ ಅದು ಒಪ್ಪಿಗೆಯಿರಲಿಲ್ಲ, ಮಾಘದಲ್ಲಿ ಬರುತ್ತೇನೆ ಎನ್ನುತ್ತಿದ್ದ. ತಾಯಿಗೆ ಮಗನನ್ನು ಕಳಿಸಲು ಮನಸ್ಸಿಲ್ಲ. ರೇಡಿಯೋದಲ್ಲಿ ದಿನಾ ಅವನ ತುಕಡಿಯಿದ್ದ ಉತ್ತರದ ಗಡಿಯ ಸುದ್ದಿ. ಮೇಷ್ಟ್ರ ಎದೆಯಲ್ಲಿ ಅವರದೇ ಪಾಠ ಕುಟುಕತೊಡಗಿತ್ತು. ಮಳೆ ನಿಲ್ಲುತ್ತಾ ಬಂದಿತ್ತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ನನ್ನೆದುರು ಕೂತರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಆ ಗಡಿ ಗುಡ್ಡದ ಎತ್ತರದಾಗ ಹಿಮ ಯಾವಾಗ ಬೀಳ್ತೈತ್ರಿ?"

ನನಗೆ ಗೊತ್ತಿರಲಿಲ್ಲ. ಉಳಿದ ಮೇಷ್ಟ್ರುಗಳು ಕಿವಿ ನೆಟ್ಟಿದ್ದರು. ಚರಿತ್ರೆಯವರು ಭೂಗೋಳದವನ ಹತ್ತಿರ ಕೇಳಲು ಬಂದದ್ದೇ ನನಗೆ ದೊಡ್ಡ ಗೆಲುವಾಗಿ ಕಂಡಿತು.

"ದಸರಾದ ಹೊತ್ತಿಗೆ ದಾರಿ ಎಲ್ಲಾ ಮುಚ್ಚಿ ಹೋಗ್ತಾವ್ರಿ. ದಂಡಿರ್ಲಿ, ಒಂದು ಕತ್ತೆನೂ ದಾಟಂಗಿಲ್ಲ."

"ಖಾತ್ರಿ ಏನ್ರಿ?"

"ಪುಸ್ತಕದಾಗ ಐತ್ರಿ ಸರ್."

ಅವರ ಮುಖ ತಿಳಿಯಾಯಿತು. ಮದುವೆ ಮಾಘಕ್ಕೆ ಎಂದಾಯಿತು. ಆ ವಾರವೇ ಹುಡುಗ ರೈಲು ಹತ್ತಿದ. ನಾನೂ ಸ್ಟೇಷನ್ನಿಗೆ ಹೋಗಿದ್ದೆ. ಅವನು ನನ್ನ ಕೈ ಕುಲುಕಿ, "ಅಪ್ಪಗೆ ಧೈರ್ಯ ಹೇಳಿದ್ರಂತೆ, ಭಾಳ ಉಪಕಾರ ಆತ್ರಿ" ಎಂದ.

ಆಮೇಲೆ ನಾನು ಓದಿದೆ. ಬೇಕಾದಾಗ ಓದದೆ, ಬೇಡವಾದ ಮೇಲೆ ಓದಿದೆ. ಅಲ್ಲಿ ಮಳೆ ನಿಲ್ಲುವುದಕ್ಕೂ ದಾರಿಗಳು ಹಿಮದಲ್ಲಿ ಪೂರ್ತಿ ಮುಚ್ಚುವುದಕ್ಕೂ ನಡುವೆ ಕೆಲವು ವಾರಗಳ ಬಿಡುವಿರುತ್ತದೆ. ಆಕಾಶ ಶುಭ್ರ, ನೆಲ ಗಟ್ಟಿ. ದಂಡು ಬಂದದ್ದು ಆ ಬಿಡುವಿನಲ್ಲೇ. ದಸರಾ ಕಳೆದ ಮೇಲೆಯೇ. ಹೊಳೆಯ ಮೆಟ್ಟಿಲ ಮೇಲೆ ಮೇಷ್ಟ್ರು ವರ್ಷ ವರ್ಷ ಹೇಳಿದ ಪಾಠ ಒಂದಕ್ಷರವೂ ತಪ್ಪಿರಲಿಲ್ಲ.

ದೀಪಾವಳಿಯಾದ ಮೇಲೆ ತಂತಿ ಬಂತು, ಮಗ ಕಾಣೆಯಾಗಿದ್ದಾನೆ ಎಂದು. ಸಿಕ್ಕಿದ ಎಂಬ ಕಾಗದ ಮಾತ್ರ ಬರಲೇ ಇಲ್ಲ...

ನಾನು ಅವರ ಮನೆಗೆ ಹೋದಾಗ ಆ ತಾಯಿ ನನ್ನನ್ನು ನೋಡಿ ಗಂಡನ ಕಡೆ ತಿರುಗಿದರು. "ಇವರ ಮಾತು ಕೇಳೇ ಅಲ್ಲೇನ್ರಿ ನೀವು ಕಳಿಸಿದ್ದು?"

ಮೇಷ್ಟ್ರು ನನ್ನ ಭುಜದ ಮೇಲೆ ಕೈ ಇಟ್ಟರು. "ಅವರದೇನು ತಪ್ಪೈತೆ? ಪುಸ್ತಕದಾಗ ಇದ್ದದ್ದು ಹೇಳಿದ್ರು. ಪುಸ್ತಕ ಬರದೋನು ತಪ್ಪು ಬರದಾನ." ಬಾಯಿ ಬಿಡಬೇಕಾಗಿದ್ದ ಗಳಿಗೆ ಅದೊಂದೇ ಇತ್ತು. ನಾನು ತಲೆ ತಗ್ಗಿಸಿ, ಹೌದೆನ್ನುವಂತೆ ಕೂತಿದ್ದೆ.

ಮರುವರ್ಷ ಮಕ್ಕಳನ್ನು ಅವರು ಹೊಳೆಗೆ ಕರೆದೊಯ್ಯಲಿಲ್ಲ. ದಂಡಯಾತ್ರೆಯ ಪಾಠವನ್ನು ಕುರ್ಚಿಯಲ್ಲಿ ಕೂತು ಓದಿ ಮುಗಿಸಿದರು. ನಿವೃತ್ತರಾಗುವವರೆಗೂ ನನ್ನನ್ನು ತಮ್ಮನಂತೆ ಕಂಡರು. ಅವರ ಪ್ರೀತಿಯನ್ನು ಪ್ರತಿ ದಿನ ಕಳ್ಳನ ಹಾಗೆ ತೆಗೆದುಕೊಂಡೆ.

ಈಗ ಅವರಿಲ್ಲ, ಆ ತಾಯಿಯೂ ಇಲ್ಲ. ನನಗೆ ಎಂಬತ್ತು ದಾಟಿ ಎಷ್ಟೋ ವರ್ಷವಾಯಿತು. ಮೆಟ್ಟಿಲಿನಿಂದ ಎಬ್ಬಿಸುತ್ತಾ ಮೊಮ್ಮಗಳು "ಏನಾಯ್ತು ತಾತ?" ಎಂದಳು. ಅವಳಿಗೆ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಂಥ ಪುಸ್ತಕವೇ ಇರಲಿಲ್ಲ. ಯಾರು ಯಾವ ಪುಸ್ತಕದ ಮಾತೆತ್ತಿದರೂ ಹೆಸರು, ಪುಟ ಕೇಳಿ ಬರೆದುಕೊಳ್ಳುತ್ತಿದ್ದ ಮನುಷ್ಯ ಅವರು. ಆ ಪುಸ್ತಕದ ಹೆಸರನ್ನು ಮಾತ್ರ ಸಾಯುವವರೆಗೂ ನನ್ನನ್ನು ಕೇಳಲಿಲ್ಲ.