ಹುಬ್ಬಳ್ಳಿಯಿಂದ ಪುಣೆಗೆ ಒಂದು ತಾಸು ಐದು ಮಿನಿಟು

ಸರಸ್ವತೀಬಾಯಿ ಕರುಣೆಯಿಲ್ಲದ ಹೆಂಗಸು. ಹಾವೇರಿಯ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದಳು. ಅಷ್ಟರಲ್ಲಿ ಒಂದು ಅಳುವ ಮಗುವನ್ನೂ ಸಮಾಧಾನ ಮಾಡಿದವಳಲ್ಲ, ತನ್ನ ಲೆಕ್ಕ ತಪ್ಪಿತೆಂದು ಒಮ್ಮೆಯೂ ಒಪ್ಪಿದವಳಲ್ಲ.

ಆಕೆಯ ಹಳೆಯ ವಿದ್ಯಾರ್ಥಿನಿ ಗುಡ್ಡವ್ವ ಬ್ಯಾಡಗಿಯಲ್ಲಿ ಕಡಕ್ ರೊಟ್ಟಿ, ಖಾರಪುಡಿ ಮಾಡಿ ಮಾರುವವಳು. ಪುಣೆಯ ಮೇಳವೊಂದರಲ್ಲಿ ಅವಳಿಗೆ ಮಳಿಗೆ ಸಿಕ್ಕಿತು. ಮೇಳದವರೇ ಇಬ್ಬರಿಗೆ ವಿಮಾನದ ಟಿಕೆಟ್ ಕಳಿಸಿದರು. ಮರಾಠಿ ಬಲ್ಲವರು ಜೊತೆಗೆ ಬೇಕೆಂದು ಅವಳು ಸರಸ್ವತೀಬಾಯಿಯ ಮನೆಗೆ ಬಂದಳು.

"ಅಕ್ಕೋರ, ಎಷ್ಟೊತ್ತು ಮ್ಯಾಲ ಇರಬೇಕಾಗತೈತ್ರಿ?"

ಬಾಯಿ ನಕಾಶೆ ಹಾಸಿದಳು. ಹುಬ್ಬಳ್ಳಿಯಿಂದ ಪುಣೆಗೆ ದಾರ ಬಿಗಿಯಾಗಿ ಹಿಡಿದು, ಅದನ್ನು ಅಳತೆಪಟ್ಟಿಯ ಮೇಲಿಟ್ಟಳು. ಮುನ್ನೂರ ಎಂಬತ್ತು ಕಿಲೋಮೀಟರ್. ಏರಲು, ಇಳಿಯಲು ಇಷ್ಟಿಷ್ಟು ಎಂದು ಕೂಡಿಸಿದಳು.

"ಒಂದು ತಾಸು ಐದು ಮಿನಿಟು."

"ನಮ್ಮ ಬಸ್ಸು ರಾಣೆಬೆನ್ನೂರ ಮುಟ್ಟೂದ್ರಾಗ ಪುಣೆ? ಖರೇ ಏನ್ರಿ?"

"ನಕಾಶೆ ಮುಂದ ಖರೇ ಸುಳ್ಳು ಏನು ಕೇಳ್ತಿ? ಹೋಗು, ರೊಟ್ಟಿ ಬಡಿ."

ಆ ಮಾತನ್ನು ನಂಬಿಯೇ ಗುಡ್ಡವ್ವ ವಿಮಾನ ಹತ್ತಿದಳು. ಸಾಲಿ ಕಲಿಸಿದ ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಒಂದು ತಾಸಾಗುವ ಹೊತ್ತಿಗೆ ಕಿಟಕಿಯ ಆಚೆ ಮಳೆಗಾಲದ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ವಿಮಾನ ಕೆಳಗಿಳಿಯತೊಡಗಿತು, ಚಕ್ರ ಹೊರಬಂದ ಸದ್ದಾಯಿತು. ನೆಲ ಸಿಕ್ಕಿತು ಎನ್ನುವಷ್ಟರಲ್ಲಿ ಭೋರೆಂದು ಮತ್ತೆ ಮೇಲಕ್ಕೆದ್ದಿತು. ಹಿಂದೆ ಯಾರೋ ವಾಂತಿ ಮಾಡಿಕೊಂಡರು. ಪೈಲಟ್ ಇಂಗ್ಲಿಷಿನಲ್ಲಿ ಹೇಳಿದ: ಅಡ್ಡಗಾಳಿ ಜೋರಾಗಿದೆ, ಇಳಿಯಲಾಗಲಿಲ್ಲ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ. ಅವನ ದನಿ ಅತಿಯಾಗಿ ಶಾಂತವಾಗಿತ್ತು. ಎಷ್ಟು ಸುತ್ತು, ಎಷ್ಟು ಇಂಧನ, ಎಷ್ಟು ಗಾಳಿ, ಯಾವುದೂ ಸರಸ್ವತೀಬಾಯಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಗತಿಯೊಳಗೆ ಬೆಲ್ಟು ಕಟ್ಟಿಕೊಂಡು ಕೂತದ್ದು ಆಕೆಯ ಆಯುಷ್ಯದಲ್ಲಿ ಇದೇ ಮೊದಲು. ವಿಮಾನ ಒಂದು ಕಡೆಗೆ ವಾಲಿದಾಗ ಆಕೆ ಕಣ್ಣು ಮುಚ್ಚಿ ತೆರೆದಳು.

ಗುಡ್ಡವ್ವನಿಗೆ ಇಂಗ್ಲಿಷ್ ಬಾರದು. ಅಕ್ಕೋರ ಕೈಗಡಿಯಾರ ನೋಡಿ ಹೊತ್ತು ಮಾತ್ರ ತಿಳಿಯುತ್ತಿತ್ತು.

"ಅಕ್ಕೋರ, ನಿಮ್ಮ ಐದು ಮಿನಿಟು ಆಗಿ ಭಾಳೊತ್ತಾತು. ನಿಮ್ಮ ಲೆಕ್ಕ ತಪ್ಪಂಗಿಲ್ಲ. ಅಂದ್ರ ಇಮಾನಕ್ಕ ಏನೋ ಆಗೇತಿ." ಅವಳ ಕೈ ಬೆಲ್ಟಿನ ಕೊಂಡಿಯನ್ನು ಕೀಳುತ್ತಿತ್ತು. "ನಾ ಏಳ್ತೇನಿ. ಇಲ್ಲಿ ಕುಂದ್ರಾಕ ಆಗವಲ್ದು. ನನ್ನ ಇಳಿಸ್ರಿ!"

"ಇಳಿಯಾಕ ಇದೇನು ಕರ್ಜಗಿ ಬಸ್ಸೇನ? ಕುಂದ್ರು."

ಕೊಂಡಿ ಕಳಚಿತು. ವಿಮಾನ ಧಡಕ್ಕನೆ ಕುಸಿಯಿತು. ಗುಡ್ಡವ್ವ ಸೀಟಿನಿಂದ ಮೇಲಕ್ಕೆ ಚಿಮ್ಮಿ ಮತ್ತೆ ಸೀಟಿಗೇ ಬಿದ್ದಳು, ಚೀರಿದಳು. ಬಾಯಿ ಅವಳ ಭುಜವನ್ನು ಅದುಮಿ ಹಿಡಿದಳು.

"ಗುಡ್ಡವ್ವಾ, ಇಲ್ಲಿ ಕೇಳು. ವಿಮಾನಕ್ಕ ಏನೂ ಆಗಿಲ್ಲ. ನನ್ನ ಲೆಕ್ಕನ ತಪ್ಪೇದ. ಕೂಡಿಸೂದ್ರಾಗ ತಪ್ಪೀನಿ. ಒಂದೂವರಿ ತಾಸು ಬೇಕು."

ಗುಡ್ಡವ್ವ ಆಕೆಯತ್ತ ತಿರುಗಿ ನೋಡಿದಳು. "ನೀವು? ತಪ್ಪೀರಿ?"

"ಹೂಂ. ತಪ್ಪೀನಿ. ಬೆಲ್ಟು ಹಾಕು."

"ಇಷ್ಟಕ್ಕ ನನ್ನ ಕಿವಿ ಹಿಂಡತಿದ್ರಿ ಸಾಲ್ಯಾಗ," ಎಂದು ಗುಡ್ಡವ್ವ ಅಳುತ್ತಲೇ ಬೈದು, ಬೆಲ್ಟು ಹಾಕಿಕೊಂಡಳು.

ವಿಮಾನ ಮತ್ತೆ ಮೂತಿ ತಗ್ಗಿಸಿತು. ಸರಸ್ವತೀಬಾಯಿ ಹೊತ್ತು ಕಾಣದಂತೆ ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ, ಆ ಕೈಯನ್ನು ಗುಡ್ಡವ್ವನ ಕೈಗೆ ಕೊಟ್ಟಳು.